ಹಿತ್ತಲ ಗಿಡದ ಗುಟ್ಟು

ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯನ್ನು ಕಟ್ಟಿದ ಹಿರಿಯರು ಗಿಡವನ್ನು ಹಳಿಯುವುದಕ್ಕಾಗಿ ಅದನ್ನು ಕಟ್ಟಲಿಲ್ಲ. ಕಣ್ಣೆದುರಿಗಿರುವುದನ್ನು ಕಡೆಗಣಿಸುವ ಮನುಷ್ಯಸ್ವಭಾವವನ್ನು ಕಂಡು ನಗುವುದಕ್ಕಾಗಿ ಕಟ್ಟಿದರು. ಆ ನಗೆಗೆ ತಕ್ಕ ನಿದರ್ಶನವೊಂದು ಬಹುಮಂದಿಯ ಮನೆಯಂಗಳದಲ್ಲಿಯೇ ನಿಂತಿದೆ. ಅದು ಕಾಶಿಕಣಗಿಲೆ. ನಿತ್ಯಪುಷ್ಪ, ಸದಾಪುಷ್ಪ ಎಂಬ ಹೆಸರುಗಳೂ ಅದಕ್ಕುಂಟು. ನೀರೆರೆದವರಿಗೂ ಎರೆಯದವರಿಗೂ ಒಂದೇ ಸಮನಾಗಿ ಹೂ ಕೊಡುವ ಈ ಗಿಡ ಕಾಂಪೌಂಡಿನ ಬಿರುಕಿನಲ್ಲಿ, ಬಾವಿಕಟ್ಟೆಯ ಮಗ್ಗುಲಲ್ಲಿ, ಹಾಳುಬಿದ್ದ ನಿವೇಶನದಲ್ಲಿ ತಾನಾಗಿಯೇ ಬೆಳೆಯುತ್ತದೆ. ದನಕರುಗಳು ಮೂಸಿ ನೋಡಿ ಮುಂದೆ ಹೋಗುತ್ತವೆ. ಬೆಳಗಿನ ಪೂಜೆಗೆ ಹೂ ಸಾಲದೆ ಬಂದರೆ ಮನೆಯಾಕೆ ನಾಲ್ಕು ಬಿಡಿಸಿ ಬುಟ್ಟಿಗೆ ಹಾಕಿಕೊಳ್ಳುತ್ತಾಳೆ. ಮಲ್ಲಿಗೆ ಸಂಪಿಗೆಗಳಿರುವ ದಿನ ಅದರ ಕಡೆಗೆ ತಿರುಗಿಯೂ ನೋಡುವುದಿಲ್ಲ.

ತಮಿಳಿನಲ್ಲಿ ಇದಕ್ಕೆ ಎರಡು ಹೆಸರುಗಳಿರುವುದು ಸ್ವಾರಸ್ಯದ ಸಂಗತಿ. ಒಂದು ನಿತ್ಯಕಲ್ಯಾಣಿ, ಮತ್ತೊಂದು ಸುಡುಕಾಟ್ಟು ಮಲ್ಲಿ, ಎಂದರೆ ಸುಡುಗಾಡಿನ ಮಲ್ಲಿಗೆ. ಮಂಗಳವೂ ಮರಣವೂ ಒಂದೇ ಹೂವಿನ ಹೆಸರಿನಲ್ಲಿ ಸೇರಿಕೊಂಡಿವೆ. ಹೆಸರಿಟ್ಟ ಜನರಿಗೆ ಮುಂದಾಗುವುದು ತಿಳಿದಿರಲಿಲ್ಲ. ಆದರೆ ಇಂದು ಯಾವುದೇ ದೊಡ್ಡ ನಗರದ ಆಸ್ಪತ್ರೆಯಲ್ಲಿ ರಕ್ತದ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿರುವ ಮಕ್ಕಳ ವಾರ್ಡನ್ನು ಹೊಕ್ಕು ನೋಡಿದರೆ, ಮಗುವಿನ ತೋಳಿಗೆ ಚುಚ್ಚಿದ ಸೂಜಿಯ ಮೂಲಕ ಒಳಗೆ ಇಳಿಯುತ್ತಿರುವ ಮದ್ದುಗಳಲ್ಲಿ ಒಂದು ಈ ಗಿಡದ್ದೇ ಆಗಿರುತ್ತದೆ. ಅದರ ಹೆಸರು ವಿನ್‌ಕ್ರಿಸ್ಟಿನ್. 1960ರ ದಶಕದ ಆರಂಭದವರೆಗೆ ಮಕ್ಕಳ ತೀವ್ರ ಲ್ಯುಕೀಮಿಯಾ ಎಂದರೆ ಬಹುತೇಕ ಮರಣಶಾಸನವೇ ಆಗಿತ್ತು. ಇಂದು ಮುಂದುವರಿದ ದೇಶಗಳಲ್ಲಿ ಈ ರೋಗದ ಮುಖ್ಯ ಬಗೆಗೆ ತುತ್ತಾದ ಹತ್ತು ಮಕ್ಕಳಲ್ಲಿ ಸುಮಾರು ಒಂಬತ್ತು ಮಂದಿ ಉಳಿದುಕೊಳ್ಳುತ್ತಾರೆ. ಈ ಪವಾಡ ಒಂದೇ ಮದ್ದಿನಿಂದಾದುದಲ್ಲ, ಹಲವು ಮದ್ದುಗಳ ಕೂಟದಿಂದಾದುದು; ಆ ಕೂಟದಲ್ಲಿ ಕಾಶಿಕಣಗಿಲೆಗೆ ಅಂದಿನಿಂದ ಇಂದಿನವರೆಗೂ ಸ್ಥಾನ ತಪ್ಪಿಲ್ಲ.

ಲಕೋಟೆಯಲ್ಲಿ ಬಂದ ಎಲೆಗಳು

ಈ ಗುಣ ಬೆಳಕಿಗೆ ಬಂದ ಬಗೆ ಕಥೆಯಂತಿದೆ. 1921ರಲ್ಲಿ ಕೆನಡಾದ ಟೊರಾಂಟೋ ನಗರದಲ್ಲಿ ಬ್ಯಾಂಟಿಂಗ್ ಎಂಬ ವೈದ್ಯರು ಇನ್ಸುಲಿನ್ ಶೋಧನೆಗೆ ತೊಡಗಿದಾಗ ಅವರಿಗೆ ನೆರವಾಗಲು ಇಬ್ಬರು ವಿದ್ಯಾರ್ಥಿಗಳನ್ನು ಗೊತ್ತುಮಾಡಿದ್ದರು. ಮೊದಲು ಯಾರು ಹೋಗಬೇಕೆಂಬುದನ್ನು ಅವರಿಬ್ಬರೂ ನಾಣ್ಯ ಚಿಮ್ಮಿಸಿ ತೀರ್ಮಾನಿಸಿಕೊಂಡರಂತೆ. ಗೆದ್ದವನು ಚಾರ್ಲ್ಸ್ ಬೆಸ್ಟ್. ಇನ್ಸುಲಿನ್ನಿನ ಜೊತೆಗೆ ಅವನ ಹೆಸರೂ ಚರಿತ್ರೆಗೆ ಸೇರಿತು. ಸೋತವನು ಕ್ಲಾರ್ಕ್ ನೋಬಲ್. ಮೂವತ್ತು ವರ್ಷಗಳ ಮೇಲೆ, 1952ರಲ್ಲಿ, ಡಾಕ್ಟರಾಗಿದ್ದ ಈ ನೋಬಲ್ಲರಿಗೆ ಜಮೈಕಾ ದ್ವೀಪದಿಂದ ಒಂದು ಲಕೋಟೆ ಬಂದಿತು. ಒಳಗಿದ್ದುದು ಕಾಶಿಕಣಗಿಲೆಯ 25 ಎಲೆಗಳು. ಅಲ್ಲಿಯ ಜನ ಸಕ್ಕರೆ ಕಾಯಿಲೆಗೆ ಈ ಎಲೆಯ ಕಷಾಯವನ್ನು ಕುಡಿಯುತ್ತಿದ್ದರು. ನೋಬಲ್ಲರು ಎಲೆಗಳನ್ನು ವೆಸ್ಟರ್ನ್ ಒಂಟೇರಿಯೋ ವಿಶ್ವವಿದ್ಯಾಲಯದಲ್ಲಿ ಸಂಶೋಧಕರಾಗಿದ್ದ ತಮ್ಮ ಸೋದರ ರಾಬರ್ಟರಿಗೆ ಕೊಟ್ಟರು.

ರಾಬರ್ಟರು ಎಲೆಯ ರಸವನ್ನು ಇಲಿಗಳಿಗೆ ಕುಡಿಸಿದರು, ಸಕ್ಕರೆ ಇಳಿಯಲಿಲ್ಲ. ಚುಚ್ಚಿ ನೋಡಿದರು; ಸಕ್ಕರೆಗೆ ಬದಲಾಗಿ ಇಲಿಗಳೇ ಸತ್ತವು. ಬೇರೊಬ್ಬರಾಗಿದ್ದರೆ ಎಲೆಯನ್ನು ಕಸದ ಬುಟ್ಟಿಗೆ ಹಾಕಿ ಕೈ ತೊಳೆದುಕೊಳ್ಳುತ್ತಿದ್ದರು. ಅವರು ಸಾವಿನ ಕಾರಣವನ್ನು ಹುಡುಕಿದರು. ಇಲಿಗಳ ರಕ್ತದಲ್ಲಿ ಬಿಳಿಯ ಕಣಗಳು ಕುಸಿದುಹೋಗಿದ್ದವು. ಕಾವಲಿಲ್ಲದ ಮೈಯನ್ನು ಸೋಂಕು ಹೊಕ್ಕು ಕೊಂದಿತ್ತು. ಬಿಳಿಯ ಕಣಗಳು ಹದ್ದುಮೀರಿ ಹೆಚ್ಚುವ ರೋಗವೇ ಲ್ಯುಕೀಮಿಯಾ. ಹಾಗಾದರೆ ಕಣಗಳನ್ನು ಇಳಿಸುವ ಈ ವಿಷವೇ ಆ ರೋಗಕ್ಕೆ ಮದ್ದೇಕಾಗಬಾರದು? 1954ರಲ್ಲಿ ಅವರನ್ನು ಕೂಡಿಕೊಂಡ ರಸಾಯನಶಾಸ್ತ್ರಜ್ಞ ಚಾರ್ಲ್ಸ್ ಬೀರ್ ಎಲೆಯಿಂದ ವಿನ್‌ಬ್ಲಾಸ್ಟಿನ್ ಎಂಬ ವಸ್ತುವನ್ನು ಬೇರ್ಪಡಿಸಿದರು. 1958ರಲ್ಲಿ ಅದು ಲೋಕಕ್ಕೆ ತಿಳಿಯಿತು. ಇದೇ ಕಾಲಕ್ಕೆ ಅಮೆರಿಕದ ಈಲೈ ಲಿಲ್ಲಿ ಕಂಪೆನಿಯಲ್ಲಿ ಗಾರ್ಡನ್ ಸ್ವೊಬೋಡಾ ಎಂಬವರು ಇದೇ ಗಿಡವನ್ನು ಬೇರೊಂದು ದಾರಿಯಿಂದ ಪರೀಕ್ಷಿಸುತ್ತಿದ್ದರು. ಅಲ್ಲಿ ದೊರೆತ ವಿನ್‌ಕ್ರಿಸ್ಟಿನ್ 1963ರಲ್ಲಿ ಅಮೆರಿಕದ ಸರ್ಕಾರದ ಮನ್ನಣೆಯನ್ನು ಪಡೆಯಿತು.

ಜೀವಕೋಶವೊಂದು ಎರಡಾಗಿ ಒಡೆಯುವಾಗ ಅದರೊಳಗೆ ಸಣ್ಣ ಎಳೆಗಳ ಒಂದು ಮಗ್ಗ ಹೂಡಿಕೊಳ್ಳುತ್ತದೆ. ವಂಶಗುಣವನ್ನು ಹೊತ್ತ ಕ್ರೋಮೋಸೋಮುಗಳನ್ನು ಆ ಎಳೆಗಳು ಎರಡು ಪಾಲಾಗಿ ಎಳೆದು ಹಂಚುತ್ತವೆ. ಈ ಮದ್ದುಗಳು ಎಳೆಗಳನ್ನು ಕಟ್ಟಲು ಬಿಡುವುದಿಲ್ಲ. ಬಿಡುವಿಲ್ಲದೆ ಒಡೆಯುತ್ತಿರುವ ಕ್ಯಾನ್ಸರ್ ಕೋಶಗಳು ಅದರಿಂದ ನಡುದಾರಿಯಲ್ಲಿ ನಿಂತು ಸಾಯುತ್ತವೆ.

ಎರಡು ಸಾವಿರ ಕಿಲೋ ಎಲೆ, ಒಂದು ಗ್ರಾಂ ಮದ್ದು

ಮದ್ದು ಸಿಕ್ಕಿತು, ಕಷ್ಟವೂ ಜೊತೆಗೇ ಬಂದಿತು. ಗಿಡದಲ್ಲಿ ಈ ವಸ್ತುಗಳಿರುವುದು ಇದೆಯೋ ಇಲ್ಲವೋ ಎಂಬಷ್ಟು. ಒಂದು ಗ್ರಾಂ ವಿನ್‌ಬ್ಲಾಸ್ಟಿನ್ ತೆಗೆಯಲು ಸುಮಾರು 500 ಕಿಲೋಗ್ರಾಂ ಒಣಗಿದ ಎಲೆ ಬೇಕು. ಒಂದು ಗ್ರಾಂ ವಿನ್‌ಕ್ರಿಸ್ಟಿನ್ನಿಗೆ ಸುಮಾರು 2000 ಕಿಲೋಗ್ರಾಂ. ಮಗುವಿಗೆ ಒಂದು ಸಲಕ್ಕೆ ಕೊಡುವುದು ಹೆಚ್ಚೆಂದರೆ ಎರಡು ಮಿಲಿಗ್ರಾಂ. ಅಷ್ಟಕ್ಕೇ ನಾಲ್ಕು ಕಿಲೋ ಒಣ ಎಲೆಯಾಯಿತು. ಒಂದೊಂದು ಮಗುವಿಗೂ ಇಂತಹ ಚುಚ್ಚುಮದ್ದು ಹಲವು ಸಲ ಬೇಕಾಗುತ್ತದೆ. ಮದ್ದಿನ ಅಣುವಾದರೋ ಬಲು ತೊಡಕಿನ ರಚನೆಯದು. ಮೊದಲಿನಿಂದ ಕೊನೆಯವರೆಗೆ ಪ್ರಯೋಗಶಾಲೆಯಲ್ಲಿಯೇ ಕಟ್ಟಿ ಮಾರಾಟಕ್ಕೆ ಒದಗಿಸುವುದು ಲಾಭದ ಮಾತಲ್ಲ.

ಆ ಅಣುವಿನ ರಚನೆಯನ್ನು ಅರಿಯಲು ಹೋಳಿಗೆಯನ್ನು ನೆನೆದರೆ ಸಾಕು. ಕಣಕ ಬೇರೆ, ಹೂರಣ ಬೇರೆ. ಎರಡೂ ಸಿದ್ಧವಾದ ಮೇಲೆ ಕೂಡಿಸಿದರೆ ಹೋಳಿಗೆ. ವಿನ್‌ಬ್ಲಾಸ್ಟಿನ್ನಿನಲ್ಲಿಯೂ ವಿಂಡೋಲಿನ್, ಕ್ಯಾಥರಾಂಥಿನ್ ಎಂಬ ಎರಡು ಅರ್ಧಗಳಿವೆ. ಗಿಡದಲ್ಲಿ ಅರ್ಧಗಳು ಸಾಕಷ್ಟಿವೆ. ಕೂಡಿದ್ದು ಮಾತ್ರ ಅತ್ಯಲ್ಪ. ಆದುದರಿಂದ ಎರಡು ಅರ್ಧಗಳನ್ನು ಎಲೆಯಿಂದ ಬೇರೆಬೇರೆಯಾಗಿ ತೆಗೆದು ಕಾರ್ಖಾನೆಯಲ್ಲಿ ಬೆಸೆಯುವ ಉಪಾಯವೂ ಬಳಕೆಗೆ ಬಂದಿತು. ಆದರೂ ಮೂಲದಲ್ಲಿ ಎಲೆಯೇ ಬೇಕು. ಮಳೆ ಕೈಕೊಟ್ಟರೆ, ರೋಗ ತಗಲಿದರೆ, ಬೆಲೆ ಕುಸಿದು ರೈತ ಬೇರೆ ಬೆಳೆಗೆ ತಿರುಗಿದರೆ, ಆ ಪೆಟ್ಟು ಕೊನೆಗೆ ಮಗುವಿನ ಹಾಸಿಗೆಯವರೆಗೂ ಮುಟ್ಟಬಲ್ಲದು.

ಗಿಡ ತಾನು ಇದನ್ನು ಹೇಗೆ ಮಾಡುತ್ತದೆ? ಯಾವ ಸಾಮಗ್ರಿಯಿಂದ, ಯಾವ ಹಂತಗಳಲ್ಲಿ, ಎಲೆಯ ಯಾವ ಮೂಲೆಯಲ್ಲಿ? ಅದು ತಿಳಿದರೆ ಗಿಡದ ಕೆಲಸವನ್ನು ಬೇರೆ ಕಡೆಯೂ ಮಾಡಿಸಬಹುದು. ಈ ಪ್ರಶ್ನೆಗೆ ಉತ್ತರ ದೊರೆಯಲು ಅರ್ಧ ಶತಮಾನಕ್ಕೂ ಮಿಕ್ಕಿ ಕಾಲ ಹಿಡಿಯಿತು. ಉತ್ತರವನ್ನು ತಂದುಕೊಟ್ಟುದು ಜೋಡಿ ವಿದ್ಯೆಗಳು: ಜೀನೋಮಿಕ್ಸ್ ಮತ್ತು ಮೆಟಬಾಲೊಮಿಕ್ಸ್.

ಪುಸ್ತಕವೂ ಪಾಕಶಾಲೆಯೂ

ಹೆಸರು ಕೇಳಿ ಬೆದರಬೇಕಾದುದಿಲ್ಲ. ಒಂದು ದೊಡ್ಡ ಮನೆಯಲ್ಲಿ ತಲೆತಲಾಂತರದಿಂದ ಬಂದ ಪಾಕಶಾಸ್ತ್ರದ ಪುಸ್ತಕವಿದೆಯೆನ್ನಿ. ಅದನ್ನು ಅಕ್ಷರಬಿಡದೆ ಓದುವುದು ಜೀನೋಮಿಕ್ಸ್. ಪುಸ್ತಕದಲ್ಲಿರುವುದನ್ನೆಲ್ಲ ಪ್ರತಿದಿನವೂ ಮಾಡುವುದಿಲ್ಲ; ಇಂದು ಒಲೆಯ ಮೇಲೇನಿದೆ, ಎಷ್ಟಿದೆ ಎಂದು ಪಾತ್ರೆ ಪಾತ್ರೆಯನ್ನೂ ತೆರೆದು ನೋಡುವುದು ಮೆಟಬಾಲೊಮಿಕ್ಸ್. ಪುಸ್ತಕವನ್ನಷ್ಟೇ ಓದಿದವನಿಗೆ ಅಡುಗೆಯ ರುಚಿ ತಿಳಿಯದು. ಪಾತ್ರೆಯನ್ನಷ್ಟೇ ಕಂಡವನಿಗೆ ಮಾಡುವ ಕ್ರಮ ತಿಳಿಯದು.

ಕಾಶಿಕಣಗಿಲೆಯ ಪುಸ್ತಕ ಎಂಟು ಸಂಪುಟಗಳದು, ಎಂದರೆ ಎಂಟು ಜೋಡಿ ಕ್ರೋಮೋಸೋಮುಗಳದು. ಅದರಲ್ಲಿ ಸುಮಾರು 50 ಕೋಟಿಗೂ ಹೆಚ್ಚು ಅಕ್ಷರಗಳಿವೆ. ಮೊದಲ ಕರಡು ಓದು 2015ರಲ್ಲಿ ಪ್ರಕಟವಾಯಿತು. ಪಾತ್ರೆಗಳನ್ನು ತೆರೆದು ನೋಡುವ ಕೆಲಸ ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ಯಂತ್ರದ್ದು. ಅಕ್ಕಸಾಲಿಗನ ತಕ್ಕಡಿ ಗುಲಗಂಜಿಯ ತೂಕವನ್ನು ಬಲ್ಲದಾದರೆ ಈ ಯಂತ್ರ ಅಣುವಿನ ತೂಕವನ್ನೇ ಬಲ್ಲದು. ಎಲೆಯ ರಸವನ್ನು ಅದಕ್ಕೆ ಊಡಿದರೆ ಒಳಗಿರುವ ನೂರಾರು ವಸ್ತುಗಳನ್ನು ತೂಗಿ, ಯಾವುದು ಎಷ್ಟೆಂಬ ಪಟ್ಟಿಯನ್ನು ಕೊಡುತ್ತದೆ. ಕಾಶಿಕಣಗಿಲೆಯೊಂದರಲ್ಲಿಯೇ ನೂರಕ್ಕೂ ಹೆಚ್ಚು ಬಗೆಯ ಆಲ್ಕಲಾಯ್ಡುಗಳಿವೆ. ಸಸ್ಯಗಳು ತಯಾರಿಸುವ, ಸಾರಜನಕವನ್ನೊಳಗೊಂಡ, ಬಹುಮಟ್ಟಿಗೆ ಕಹಿಯಾದ ವಸ್ತುಗಳಿಗೆ ಈ ಹೆಸರು.

ಎರಡು ವಿದ್ಯೆಗಳು ಕೈಕೂಡುವ ಬಗೆ ಹೀಗೆ. ಗಿಡದಲ್ಲಿ ಪ್ರತಿಯೊಂದು ಹಂತದ ಕೆಲಸವನ್ನೂ ಮಾಡುವವು ಕಿಣ್ವಗಳು. ಒಂದೊಂದು ಕಿಣ್ವಕ್ಕೂ ಪುಸ್ತಕದಲ್ಲಿ ಒಂದೊಂದು ವಂಶವಾಹಿ. ಹುಳು ಕಚ್ಚಿದಾಗ ಗಿಡದೊಳಗೆ ಜಾಸ್ಮೋನೇಟ್ ಎಂಬ ಎಚ್ಚರಿಕೆಯ ಸಂಕೇತವೇಳುತ್ತದೆ. ಆ ಹೊತ್ತಿನಲ್ಲಿ ಯಾವ ಯಾವ ವಂಶವಾಹಿಗಳು ಒಟ್ಟಿಗೆ ಎಚ್ಚರಗೊಳ್ಳುತ್ತವೆಯೋ ಅವೆಲ್ಲ ಒಂದೇ ಕೆಲಸದ ಪಾಲುದಾರರಿರಬೇಕೆಂದು ಊಹಿಸಬಹುದು. ಊಹೆಯನ್ನು ಪರೀಕ್ಷಿಸಲು ಒಂದು ವಂಶವಾಹಿಯ ಬಾಯನ್ನು ಕಟ್ಟುತ್ತಾರೆ. ಹಬ್ಬದ ಮನೆಯಲ್ಲಿ ಒಬ್ಬ ಅಡುಗೆಯವನನ್ನು ಹೊರಗೆ ಕಳುಹಿಸಿ, ಯಾವ ಪದಾರ್ಥ ಅರ್ಧಕ್ಕೆ ನಿಂತಿತೆಂದು ನೋಡಿದರೆ ಅವನ ಕೆಲಸ ಯಾವುದೆಂದು ಗೊತ್ತಾಗುವುದಿಲ್ಲವೆ? ಅದೇ ರೀತಿ, ಬಾಯಿ ಕಟ್ಟಿದ ಮೇಲೆ ಎಲೆಯಲ್ಲಿ ಯಾವ ವಸ್ತು ಮುಂದೆ ಸಾಗದೆ ಗುಡ್ಡೆ ಬಿದ್ದಿದೆಯೆಂಬುದನ್ನು ತೂಕದ ಯಂತ್ರ ತೋರಿಸಿಕೊಡುತ್ತದೆ.

ಹೀಗೆ ಒಂದೊಂದೇ ಹೆಜ್ಜೆ ತಿಳಿಯುತ್ತ ಬಂದಿತು. ಗುಲಾಬಿಯ ಪರಿಮಳದಲ್ಲಿರುವ ಜೆರಾನಿಯಾಲ್ ಒಂದು ಕಡೆಯಿಂದ, ಎಲ್ಲ ಜೀವಿಗಳಲ್ಲಿಯೂ ಇರುವ ಟ್ರಿಪ್ಟೊಫಾನ್ ಮತ್ತೊಂದು ಕಡೆಯಿಂದ ರೂಪ ಬದಲಿಸುತ್ತ ಬಂದು ಕೂಡುತ್ತವೆ. ಸ್ಟ್ರಿಕ್ಟೊಸಿಡಿನ್ ಎಂಬ ಮೂಲವಸ್ತು ಹುಟ್ಟುತ್ತದೆ. ಸರ್ಪಗಂಧದಲ್ಲಿ ರಕ್ತದೊತ್ತಡವನ್ನಿಳಿಸುವ ರಿಸರ್ಪಿನ್, ಸಿಂಕೋನಾದ ಕ್ವಿನೈನ್, ಕಾಸರಕದ ಭಯಂಕರ ವಿಷ ಸ್ಟ್ರಿಕ್ನಿನ್ ಇವೆಲ್ಲವೂ ಇದೇ ತಾಯಿಯ ಮಕ್ಕಳು. ತಾಯಿಯೊಬ್ಬಳೇ ಆದರೂ ಸಂಸ್ಕಾರ ಬೇರೆಯಾದಂತೆ ಮಕ್ಕಳ ಗುಣ ಬೇರೆಯಾಯಿತು. ಕಾಶಿಕಣಗಿಲೆಯಲ್ಲಿ ನಡುವಣ ಕೆಲವು ಕಿಣ್ವಗಳು ಮಾತ್ರ ಬಹುಕಾಲ ಕೈಗೆ ಸಿಗದೆ ಕಾಡಿದವು. ಸಾರಾ ಒಕಾನರ್ ಎಂಬ ವಿಜ್ಞಾನಿಯ ತಂಡ ಇಂಗ್ಲೆಂಡಿನ ಜಾನ್ ಇನ್ಸ್ ಸಂಸ್ಥೆಯಲ್ಲಿ ಅವನ್ನು ಹುಡುಕಿ ತೆಗೆದು, 2018ರಲ್ಲಿ ಸರಪಳಿಯನ್ನು ಪೂರ್ಣಗೊಳಿಸಿತು.

ಎಲೆಯೊಳಗಣ ಕೋಣೆಗಳು

ಬರಿಗಣ್ಣಿಗೆ ಎಲೆಯೆಂದರೆ ಒಂದು ಹಸಿರು ಹಾಳೆ. ಒಳಗಾದರೋ ಅದು ಹಲವು ಕೋಣೆಗಳ ಮನೆ. ನರಗಳ ಬಳಿಯಿರುವ ಕೋಶಗಳಲ್ಲಿ ಮೊದಲ ಹಂತಗಳು ನಡೆಯುತ್ತವೆ. ಅಲ್ಲಿ ಅರೆಬೆಂದುದನ್ನು ಹೊರಪದರದ ಕೋಶಗಳು ತೆಗೆದುಕೊಂಡು ಮುಂದುವರಿಸುತ್ತವೆ. ಕೊನೆಯ ಹಂತಗಳು ಎಲೆಯಲ್ಲಿ ಅಲ್ಲೊಂದು ಇಲ್ಲೊಂದು ಚೆದರಿರುವ ವಿಶೇಷ ಕೋಶಗಳಲ್ಲಿ ಮುಗಿಯುತ್ತವೆ. ಸಾಮಗ್ರಿ ಕೈಯಿಂದ ಕೈಗೆ ದಾಟುತ್ತ ಹೋಗುತ್ತದೆ. ಇಷ್ಟೆಲ್ಲ ಏಕೆ? ಮನುಷ್ಯನ ಮದ್ದು ಗಿಡದ ಪಾಲಿಗೆ ಆಯುಧ. ಅದನ್ನು ತನಗೇ ತಗಲದಂತೆ ಕಾಪಾಡಿಕೊಳ್ಳಬೇಕು. 2010ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಕಂಡುದನ್ನು ನೋಡಿರಿ. ಸ್ಟ್ರಿಕ್ಟೊಸಿಡಿನ್ ಕೋಶದ ರಸಚೀಲದಲ್ಲಿರುತ್ತದೆ. ಅದನ್ನು ಉಗ್ರವಾಗಿಸುವ ಕಿಣ್ವ ಕೋಶದ ಕೇಂದ್ರದಲ್ಲಿರುತ್ತದೆ. ನಡುವೆ ಗೋಡೆ. ಹುಳು ಎಲೆಯನ್ನು ಅಗಿದೊಡನೆ ಗೋಡೆ ಮುರಿದು ಎರಡೂ ಬೆರೆಯುತ್ತವೆ. ಹುಳುವಿನ ಬಾಯಲ್ಲಿ ವಿಷ ಸಿಡಿಯುತ್ತದೆ. ದನ ಮೂಸಿ ನೋಡಿ ಮುಂದೆ ಹೋಗುವುದರಲ್ಲಿ ಅದರ ವಿವೇಕವೇ ಕಾಣುತ್ತದೆ.

ಎರಡು ಅರ್ಧಗಳು ಗಿಡದಲ್ಲಿ ಏಕೆ ಹೆಚ್ಚಾಗಿ ಕೂಡುವುದಿಲ್ಲವೆಂಬ ಪ್ರಶ್ನೆಗೂ ಅದೇ 2010ರಲ್ಲಿ ಒಂದು ಉತ್ತರ ಬಂದಿತು. ಕ್ಯಾಥರಾಂಥಿನ್ ಎಲೆಯ ಮೇಲಣ ಮೇಣದ ಪೊರೆಯಲ್ಲಿದೆ, ವಿಂಡೋಲಿನ್ ಒಳಗಿದೆ, ಅವು ಸಂಧಿಸುವುದೇ ಇಲ್ಲವೆಂದು ಕೆನಡಾದ ಸಂಶೋಧಕರು ಹೇಳಿದರು. ಉತ್ತರ ಅಚ್ಚುಕಟ್ಟಾಗಿತ್ತು, ಆದರೆ ಅದೇ ಕೊನೆಯದಾಗಲಿಲ್ಲ. ಮುಂದೆ ಒಂದೊಂದು ಕೋಶವನ್ನೇ ಬಿಡಿಸಿ ತೆಗೆದು ಅದರ ಪುಸ್ತಕವನ್ನೂ ಪಾತ್ರೆಯನ್ನೂ ಕೂಡಿ ನೋಡುವ ಕೌಶಲ ಬೆಳೆಯಿತು. ಜರ್ಮನಿ ಮತ್ತು ಅಮೆರಿಕಗಳ ವಿಜ್ಞಾನಿಗಳು 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆ ಚೆದರಿದ ವಿಶೇಷ ಕೋಶಗಳೊಳಗೆ ಎರಡು ಅರ್ಧಗಳೂ ಒಟ್ಟಿಗೇ ತುಂಬಿಕೊಂಡಿರುವುದು ಕಂಡಿತು. ಕಣಕವೂ ಹೂರಣವೂ ಒಂದೇ ಕೋಣೆಯಲ್ಲಿದ್ದರೂ ಹೋಳಿಗೆ ಮಾತ್ರ ಬೆರಳೆಣಿಕೆಯಷ್ಟು. ಹಾಗಾದರೆ ತಡೆಯಿರುವುದು ದೂರದಲ್ಲಲ್ಲ, ಬೆಸೆಯುವ ಕೊನೆಯ ಹಂತದಲ್ಲಿ. ನಿನ್ನೆಯ ಉತ್ತರವನ್ನು ಇಂದು ತಿದ್ದಿಕೊಳ್ಳುವುದಕ್ಕೆ ಶಾಸ್ತ್ರ ನಾಚುವುದಿಲ್ಲ.

ಗಿಡದ ಕೆಲಸವನ್ನು ಬೇರೆ ಕಡೆ ಮಾಡಿಸುವ ಕನಸು ಏನಾಯಿತು? 2022ರಲ್ಲಿ ಡೆನ್ಮಾರ್ಕಿನಲ್ಲಿ ಜೇ ಕೀಸ್ಲಿಂಗ್ ಮತ್ತು ಸಂಗಡಿಗರು ಅದನ್ನು ಯೀಸ್ಟಿನಿಂದ ಮಾಡಿಸಿದರು. ಬ್ರೆಡ್ಡಿನ ಹಿಟ್ಟನ್ನು ಉಬ್ಬಿಸುವ ಅದೇ ಯೀಸ್ಟ್. ಸಸ್ಯಗಳ 34 ವಂಶವಾಹಿಗಳನ್ನು ಅದಕ್ಕೆ ಸೇರಿಸಿ, ಅದರದೇ ಹತ್ತು ವಂಶವಾಹಿಗಳನ್ನು ಹಿಗ್ಗಿಸಿ ಕುಗ್ಗಿಸಿ, ಒಟ್ಟು 56 ತಿದ್ದುಪಡಿಗಳ ಮೂಲಕ 30 ಹಂತಗಳ ದಾರಿಯನ್ನು ಅದರೊಳಗೆ ಹಾಸಿದರು. ಸಕ್ಕರೆ ತಿಂದ ಯೀಸ್ಟ್ ಎರಡು ಅರ್ಧಗಳನ್ನೂ ಕೊಟ್ಟಿತು; ಬೆಸುಗೆಯನ್ನು ರಾಸಾಯನಿಕವಾಗಿ ಮಾಡಿಕೊಂಡರು. ದೊರೆತುದು ಲೀಟರಿಗೆ ಒಂದು ಮಿಲಿಗ್ರಾಮಿಗೂ ಕಡಿಮೆ. ಆದರೂ ದಾರಿ ಇದೆಯೆಂಬುದು ಖಚಿತವಾಯಿತು.

ಕಾಡಿನ ಪಾಲು, ನಾಡಿನ ಪಾಲು

ಈ ವಿದ್ಯೆಯ ಬೆಲೆ ಕರ್ನಾಟಕಕ್ಕೆ ಚೆನ್ನಾಗಿ ತಿಳಿಯಬೇಕಾದುದು ಮತ್ತೊಂದು ಮರದ ಕಾರಣದಿಂದ. ಪಶ್ಚಿಮಘಟ್ಟದ ಕಾಡುಗಳಲ್ಲಿ ದುರ್ವಾಸನೆ ಮರವೆಂಬ ಸಣ್ಣ ಮರವಿದೆ. 1966ರಲ್ಲಿ ಅಮೆರಿಕದಲ್ಲಿ ವಾಲ್ ಮತ್ತು ಭಾರತೀಯ ಸಂಜಾತ ಮನ್ಸುಖ್ ವಾಣಿ ಅವರು ಚೀನದ ಮರವೊಂದರಿಂದ ಕ್ಯಾಂಪ್ಟೊಥೆಸಿನ್ ಎಂಬ ವಸ್ತುವನ್ನು ಕಂಡುಹಿಡಿದರು. 1972ರಲ್ಲಿ ಗೋವಿಂದಾಚಾರಿ ಮತ್ತು ವಿಶ್ವನಾಥನ್ ಅದೇ ವಸ್ತು ನಮ್ಮ ದುರ್ವಾಸನೆ ಮರದಲ್ಲಿ ಧಾರಾಳವಾಗಿದೆಯೆಂದು ತೋರಿಸಿದರು. ಅದರಿಂದ ಹೊರಟ ಎರಡು ಕ್ಯಾನ್ಸರ್ ಮದ್ದುಗಳಿಗೆ 1996ರಲ್ಲಿ ಅಮೆರಿಕದಲ್ಲಿ ಮನ್ನಣೆ ಸಿಕ್ಕಿತು. ಕಾಶಿಕಣಗಿಲೆಯನ್ನು ಕೊಯ್ದರೆ ಮತ್ತೆ ಬಿತ್ತಬಹುದು. ಮರವನ್ನು ಕಡಿದರೆ ಮತ್ತೊಂದು ಬೆಳೆಯಲು ವರ್ಷಗಳು ಬೇಕು. ಕೊಡಲಿಗೆ ಸಿಕ್ಕಿ ಈ ಮರ ಹಲವೆಡೆ ವಿರಳವಾಯಿತು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಸಂಶೋಧಕರು ಘಟ್ಟದ ಬೇರೆ ಬೇರೆ ಕಡೆಯ ಮರಗಳಲ್ಲಿ ಈ ವಸ್ತು ಎಷ್ಟೆಷ್ಟಿದೆಯೆಂದು ಅಳೆದು ನೋಡಿದ್ದಾರೆ. ಸತ್ತ್ವವುಳ್ಳ ತಳಿಯನ್ನು ಆಯ್ದು ತೋಟದಲ್ಲಿ ಬೆಳೆಸಿದರೆ ಕಾಡಿನ ಮರ ಉಳಿದೀತೆಂಬುದು ಇಂತಹ ಅಳತೆಯಿಂದ ದೊರೆಯುವ ಆಸೆ.

ಬೆಂಗಳೂರಿನಲ್ಲಿ ಬೇರೆ ಪುಸ್ತಕಗಳೂ ತೆರೆದಿವೆ. ಬೇವಿನ ಜೀನೋಮಿನ ಕರಡು 2012ರಲ್ಲಿ ಇಲ್ಲಿಯ ಗಣಿತ್ ಲ್ಯಾಬ್ಸ್ ಸಂಸ್ಥೆಯಿಂದ ಹೊರಬಂದಿತು. 2015ರಲ್ಲಿ ಇಲ್ಲಿಯ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದವರು ಕೃಷ್ಣತುಳಸಿಯ ಜೀನೋಮನ್ನು ಓದಿದುದಲ್ಲದೆ, ತುಳಸಿಯ ಬೇರೆಬೇರೆ ಜಾತಿಗಳಲ್ಲಿ ಔಷಧಗುಣದ ವಸ್ತುಗಳು ಎಷ್ಟೆಷ್ಟಿವೆಯೆಂದು ಹೋಲಿಸಿ ನೋಡಿದರು. ಕಟ್ಟೆಯ ಮೇಲಿದ್ದು ಪೂಜೆಗೊಳ್ಳುತ್ತಿದ್ದ ಗಿಡ ಹೀಗೆ ಓದಿಗೂ ಒದಗಿತು.

ಆದರೆ ಪುಸ್ತಕವನ್ನು ಓದಿದ ಮಾತ್ರಕ್ಕೆ ಎಲ್ಲವೂ ನೇರ್ಪಟ್ಟಿತೆಂದು ತಿಳಿಯಬಾರದು. 2019ರಲ್ಲಿ ಅಮೆರಿಕದಲ್ಲಿಯೇ ವಿನ್‌ಕ್ರಿಸ್ಟಿನ್ನಿಗೆ ಕೊರತೆಯುಂಟಾಗಿ, ಮಕ್ಕಳ ತಂದೆತಾಯಿಗಳು ಕಂಗೆಟ್ಟರು. ಅಂದು ಎಲೆಗೇನೂ ಬರವಿರಲಿಲ್ಲ. ಇದ್ದ ಇಬ್ಬರು ತಯಾರಕರಲ್ಲಿ ಒಬ್ಬರು ವ್ಯಾಪಾರದ ಲೆಕ್ಕ ನೋಡಿ ತಯಾರಿಕೆಯನ್ನು ಬಿಟ್ಟಿದ್ದರು. ಉಳಿದವರೊಬ್ಬರಿಂದ ಸಾಕಷ್ಟು ಒದಗಲಿಲ್ಲ. ಹಳೆಯ, ಅಗ್ಗದ ಮದ್ದಿನ ಮೇಲೆ ಮಾರುಕಟ್ಟೆಗೆ ಮಮತೆ ಕಡಿಮೆ. ಮುಂದೆ ಯೀಸ್ಟಿನ ತೊಟ್ಟಿಗಳೇ ಮದ್ದು ಕೊಡುವಂತಾದರೆ ದಕ್ಷಿಣ ಭಾರತದಲ್ಲಿ ಈ ಗಿಡವನ್ನು ಬೆಳೆಯುವ ರೈತನ ಗತಿಯೇನೆಂಬುದೂ ಕೇಳಬೇಕಾದ ಪ್ರಶ್ನೆ. ಗಿಡದ ತವರಾದ ಮಡಗಾಸ್ಕರಿಗೆ ಲಾಭದ ಪಾಲು ಮುಟ್ಟಲಿಲ್ಲವೆಂಬ ಆಕ್ಷೇಪ ಇಂದಿಗೂ ಕೇಳಿಬರುತ್ತದೆ. ಭಾರತದಲ್ಲಿ 2002ರ ಜೀವವೈವಿಧ್ಯ ಕಾಯಿದೆ ಗಿಡಮೂಲಿಕೆಗಳಿಂದ ಬಂದ ಲಾಭದಲ್ಲಿ ಅವನ್ನು ಕಾಪಾಡಿಕೊಂಡು ಬಂದ ಜನರಿಗೂ ನ್ಯಾಯವಾದ ಪಾಲಿರಬೇಕೆಂದು ಹೇಳುತ್ತದೆ. ಕಾಗದದ ಮೇಲಣ ಮಾತು ಕಾಡಂಚಿನ ಗುಡಿಸಲನ್ನು ಮುಟ್ಟುವುದರಲ್ಲಿ ಅದರ ಸಾರ್ಥಕತೆ.

ಕೊನೆಗೆ ಗೃಹಸ್ಥರಿಗೆ ಒಂದು ಮಾತು. ಇದನ್ನೋದಿ ಯಾರೂ ಕಾಶಿಕಣಗಿಲೆಯ ಎಲೆಯನ್ನು ಅರೆದು ಕುಡಿಯತಕ್ಕದ್ದಲ್ಲ. ಎಲೆಯಲ್ಲಿ ಮದ್ದಿನ ಜೊತೆಗೆ ನೂರು ಬೇರೆ ವಸ್ತುಗಳಿವೆ. ಶುದ್ಧಮಾಡಿದ ಮದ್ದು ಕೂಡ ನರಗಳನ್ನು ಬಾಧಿಸಬಲ್ಲದು. ರಕ್ತನಾಳದಲ್ಲಿ ಜೀವ ಉಳಿಸುವ ವಿನ್‌ಕ್ರಿಸ್ಟಿನ್ ತಪ್ಪಿ ಬೆನ್ನುಹುರಿಯ ದ್ರವವನ್ನು ಸೇರಿದರೆ ಪ್ರಾಣವನ್ನೇ ತೆಗೆಯುತ್ತದೆ. ನೋಬಲ್ಲರ ಇಲಿಗಳನ್ನು ಕೊಂದುದೂ, ವಾರ್ಡಿನ ಮಕ್ಕಳನ್ನು ಉಳಿಸಿದುದೂ ಒಂದೇ ಗಿಡ. ನಡುವೆ ಇದ್ದುದು ಅಳತೆ, ತಾಳ್ಮೆ ಮತ್ತು ಅರಿವು.

ನಾಳೆ ಬೆಳಗ್ಗೆಯೂ ಮನೆಯಾಕೆ ಬುಟ್ಟಿ ಹಿಡಿದು ಅಂಗಳಕ್ಕೆ ಇಳಿದಾಳು. ಮಲ್ಲಿಗೆ ಬಿಡದ ದಿನವಾದರೆ ಕಾಶಿಕಣಗಿಲೆಯ ನಾಲ್ಕು ಹೂಗಳನ್ನು ಬಿಡಿಸಿಯಾಳು. ಅದೇ ಹೊತ್ತಿಗೆ ಎಲ್ಲಿಯೋ ಒಂದು ಊರಿನಲ್ಲಿ, ಚಿಕಿತ್ಸೆಯ ಕೊನೆಯ ಚುಚ್ಚುಮದ್ದನ್ನು ಮುಗಿಸಿಕೊಂಡ ಮಗುವೊಂದು ತಾಯಿಯ ಕೈ ಹಿಡಿದು ಆಸ್ಪತ್ರೆಯ ಮೆಟ್ಟಿಲನ್ನು ಇಳಿಯುತ್ತಿರಬಹುದು. ಅದರ ಕೂದಲು ಮತ್ತೆ ಚಿಗುರುತ್ತದೆ, ಶಾಲೆ ಕಾದಿರುತ್ತದೆ.